ನಾಲ್ಕನೇ ಪಾತಿಯ ಕಡ್ಡಿಗಳು

ಮಲ್ಲಂದೂರಿನ ಲಲಿತಮ್ಮನವರ ಅಂಗಳದ ನಾಲ್ಕನೇ ಪಾತಿ ಖಾಲಿಯಾಗಿರಲಿಲ್ಲ. ಅದರಲ್ಲಿ ಮೂವತ್ತೊಂದು ಡೇರೆ — ಪೇಟೆಯವರ ಡೇಲಿಯಾ — ಗಿಡಗಳ ಗೆಡ್ಡೆಗಳಿದ್ದವು. ಅವನ್ನು ಅಗೆಸಿ, ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿಸಿದವಳು ನಾನು. ಪಾತಿ ಖಾಲಿ ಇತ್ತು ಎಂದು ಆಮೇಲೆ ನನ್ನ ಲೆಕ್ಕದ ಪುಸ್ತಕ ತೆರೆದು ತೋರಿಸಿದವಳೂ ನಾನೇ. ಆ ಪುಸ್ತಕವನ್ನು ನಂಬಿ ಆ ಮನೆಯ ಕೆಲಸದ ಜಯಕ್ಕನನ್ನು ಕಳ್ಳಿ ಎಂದರು — ಇಷ್ಟನ್ನು ಬರೆಯಲು ನನಗೆ ಐದು ವರ್ಷ ಬೇಕಾಯಿತು.

ಮನೆಗಳ ಮುಂದೆ ಕೈತೋಟ ಮಾಡಿಕೊಡುವುದು ನನ್ನ ಕೆಲಸ. ಯಾವ ಗಿಡ, ಎಲ್ಲಿ, ಯಾವುದರ ಪಕ್ಕ. ಹಿಂದೆ ಎತ್ತರದ್ದು, ಮುಂದೆ ಗಿಡ್ಡದ್ದು. ಮಳೆಗಾಲದಲ್ಲಿ ಯಾವುದು ಕೊಳೆಯುತ್ತದೆ, ಬೇಸಿಗೆಯಲ್ಲಿ ಯಾವುದು ಅಂಗಳ ತುಂಬುತ್ತದೆ — ಇವೆಲ್ಲವನ್ನೂ ಮೊದಲು ಕಾಗದದ ಮೇಲೆ ಕೂರಿಸುತ್ತೇನೆ. ಕೆಲಸ ಒಪ್ಪಿದ ದಿನವೇ ಅಂಗಳ ಸುತ್ತಿ, ಇರುವುದನ್ನೆಲ್ಲ ಎಣಿಸಿ, ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಆಗ ನನಗೆ ಇಪ್ಪತ್ತಮೂರು. ಲಲಿತಮ್ಮನವರದು ನನ್ನ ಮೊದಲ ದೊಡ್ಡ ಕೆಲಸ. ಮಾರ್ಚ್‌ನಲ್ಲಿ ಅವರ ಮಗನ ನಿಶ್ಚಿತಾರ್ಥ. ಅಷ್ಟರೊಳಗೆ ಅಂಗಳ ಸಿದ್ಧವಾಗಬೇಕಿತ್ತು.

ಫೆಬ್ರವರಿ ಹತ್ತೊಂಬತ್ತರಂದು ಅಂಗಳ ಎಣಿಸಿದೆ. ಗುಲಾಬಿ ಹದಿನಾಲ್ಕು, ಹೈಡ್ರೇಂಜಿಯಾ ಒಂಬತ್ತು, ಕ್ರೋಟನ್ ಇಪ್ಪತ್ತೆರಡು. ಅಡುಗೆಮನೆ ಕಿಟಕಿಯ ಕೆಳಗಿನ ನಾಲ್ಕನೇ ಪಾತಿಯಲ್ಲಿ ಒಂದು ಹಸಿರೆಲೆಯೂ ಇರಲಿಲ್ಲ. ಒಣಗಿದ ಕಾಫಿ ರೆಂಬೆಯ ಮೊಳದುದ್ದದ ಕಡ್ಡಿಗಳನ್ನು ಮಾತ್ರ ಅಲ್ಲಲ್ಲಿ ಊರಿದ್ದರು. ಪ್ರತಿ ಕಡ್ಡಿಯ ತುದಿಗೂ ಒಂದು ಬಟ್ಟೆಯ ಚೂರು. ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಿರಬೇಕು ಅಂದುಕೊಂಡೆ. ಆದರೂ ಎಣಿಸದೆ ಇರುವ ಜಾಯಮಾನ ನನ್ನದಲ್ಲ. ಬರೆದೆ: 'ಪಾತಿ ನಾಲ್ಕು — ಖಾಲಿ. ಕಡ್ಡಿ ಮೂವತ್ತೊಂದು. ಕೆಂಪು ಬಟ್ಟೆ ಹದಿಮೂರು, ಹಳದಿ ಒಂಬತ್ತು, ಬಿಳಿ ಆರು, ಕಪ್ಪು ಮೂರು.'

ಡೇರೆ ಮಳೆಗಾಲದ ಹೂವು. ಹೂವು ಮುಗಿದ ಮೇಲೆ ಗಿಡ ಒಣಗುತ್ತದೆ, ಬುಡಕ್ಕೆ ಕೊಯ್ಯುತ್ತಾರೆ. ಗೆಡ್ಡೆ ಮಣ್ಣಿನೊಳಗೆ ಮೊದಲ ಮಳೆಯ ತನಕ ಮಲಗಿರುತ್ತದೆ. ಎಲ್ಲಿ ಯಾವ ಬಣ್ಣ ಮಲಗಿದೆ ಎಂದು ತಿಳಿಯಲು ಕಡ್ಡಿ ಊರಿ, ಆ ಬಣ್ಣದ ಬಟ್ಟೆ ಕಟ್ಟುತ್ತಾರೆ. ಇದು ಇಲ್ಲಿನ ಪ್ರತಿ ಮನೆಯ ಹೆಂಗಸಿಗೂ ಗೊತ್ತು. ನನ್ನ ಅಮ್ಮನಿಗೂ ಗೊತ್ತಿತ್ತು. ನಾನು ತೋಟಗಾರಿಕೆಯನ್ನೇ ಎರಡು ವರ್ಷ ಓದಿ ಬಂದಿದ್ದೆ, ನನಗೆ —

ಗೊತ್ತಿಲ್ಲದ್ದು ತಪ್ಪಲ್ಲ ಎನ್ನಬಹುದು. ಅದರ ಮರೆಗೂ ನಾನು ನಿಲ್ಲುವಂತಿಲ್ಲ. ಅಂಗಳ ಎಣಿಸಿದ ಮರುದಿನ ಲಲಿತಮ್ಮ ಕಣ್ಣಿನ ಪೊರೆ ತೆಗೆಸಲು ಹಾಸನಕ್ಕೆ ಹೊರಟಾಗ, ಕಾರು ಹತ್ತುವ ಮೊದಲು ಹೇಳಿದ್ದರು: "ಅಡುಗೆಮನೆ ಕಡೆ ಪಾತಿಗೆ ಕೈ ಹಾಕೋದಿದ್ರೆ ಜಯ ಬರ್ಲಿ. ನನಗೀಗ ಕಣ್ಣು ಕಾಣಲ್ಲ, ಆ ಪಾತಿ ಕಣ್ಣು ಅವಳೇ."

ಜಯಕ್ಕ ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಲಸಕ್ಕಿದ್ದವರು. ವಾರದ ಹಿಂದೆಯೇ ಮಗಳ ಬಾಣಂತನಕ್ಕೆಂದು ಬಣಕಲ್‌ಗೆ ಹೋಗಿದ್ದರು. ಬರುವುದು ಇನ್ನೂ ಹತ್ತು ದಿನ. ನಾನು ಆರು ದಿನ ಕಾದೆ. ನಿಶ್ಚಿತಾರ್ಥದ ಚಪ್ಪರಕ್ಕೆ ಆ ಜಾಗದಲ್ಲಿ ಹುಲ್ಲುಹಾಸು ಬರಬೇಕಿತ್ತು, ಹುಲ್ಲು ಬೇರೂರಲು ದಿನ ಬೇಕಿತ್ತು. ಫೆಬ್ರವರಿ ಇಪ್ಪತ್ತಾರರಂದು ಜೆಸಿಬಿ ತರಿಸಿದೆ.

ಕಡ್ಡಿಗಳನ್ನು ನಾನೇ ಕಿತ್ತು ಒಲೆಗೆ ಕೊಟ್ಟೆ. ಮೊದಲ ಲೋಡು ಹೋಯಿತು. ಎರಡನೆಯದು ತುಂಬುವಾಗ ಮಣ್ಣಿನಿಂದ ಒಂದು ಗೊಂಚಲು ಉರುಳಿ ನನ್ನ ಕಾಲ ಬಳಿ ಬಿತ್ತು — ಬೆರಳು ಬೆರಳಾದ ಗೆಡ್ಡೆ. ಎತ್ತಿಕೊಂಡೆ. ಆಗ ಎಲ್ಲವೂ ತಿಳಿಯಿತು: ಕಡ್ಡಿ, ಬಟ್ಟೆ, ಬಣ್ಣ. ಯಂತ್ರ ನಿಲ್ಲಿಸಿ ಎನ್ನಬಹುದಿತ್ತು. ಮೂರನೇ ಲೋಡಿನ ಮಣ್ಣು ಇನ್ನೂ ಅಲ್ಲೇ ಇತ್ತು. ರಸ್ತೆ ತಿರುವಿನ ಹೊಂಡಕ್ಕೆ ಸುರಿದ ಮಣ್ಣನ್ನೂ ಕೆದಕಬಹುದಿತ್ತು. ಜೆಸಿಬಿಯವನು "ಏನಾಯ್ತು ಮೇಡಂ?" ಎಂದ. "ಏನಿಲ್ಲ" ಎಂದು ಗೆಡ್ಡೆಯನ್ನು ಲೋಡಿನ ಮೇಲೆ ಎಸೆದೆ.

ಅಂದು ಸಂಜೆ ಹತ್ತೊಂಬತ್ತನೇ ತಾರೀಕಿನ ಹಾಳೆಯನ್ನು ಹರಿದೆ. ಅದೇ ಪೆನ್ನಿನಲ್ಲಿ, ಅದೇ ತಾರೀಕು ಹಾಕಿ, ಮತ್ತೆ ಬರೆದೆ. ಗುಲಾಬಿ ಹದಿನಾಲ್ಕು, ಹೈಡ್ರೇಂಜಿಯಾ ಒಂಬತ್ತು, ಕ್ರೋಟನ್ ಇಪ್ಪತ್ತೆರಡು. 'ಪಾತಿ ನಾಲ್ಕು — ಖಾಲಿ.' ಕಡ್ಡಿಯ ಮಾತಿಲ್ಲ. ಇನ್ನೂ ಯಾರೂ ಏನೂ ಕೇಳಿರಲಿಲ್ಲ.

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಹುಲ್ಲುಹಾಸನ್ನು ಎಲ್ಲರೂ ಹೊಗಳಿದರು. ತಾವು ಹೇಳಿ ಹೋದಂತೆ ಜಯಕ್ಕ ಬಂದು ಗೆಡ್ಡೆ ತೆಗೆದು ಬೂದಿಯಲ್ಲಿ ಇಟ್ಟಿರುತ್ತಾಳೆ ಎಂದು ಲಲಿತಮ್ಮ ತಿಳಿದಿದ್ದರು. ಅಮ್ಮ ಯಾರಿಂದಲೋ ತೆಗೆಸಿಟ್ಟಿರುತ್ತಾರೆ ಎಂದು ಜಯಕ್ಕ ತಿಳಿದಿದ್ದರು. ಕೇಳುವ ಅಗತ್ಯವೇ ಬೀಳದಷ್ಟು ನಂಬಿಕೆ ಅವರಿಬ್ಬರಿಗೂ.

ಮೇ ಎರಡು. ಹಿಂದಿನ ದಿನ ಮಳೆ ಬಿದ್ದಿತ್ತು. ನಾನು ಹುಲ್ಲು ನೋಡಲು ಹೋಗಿದ್ದೆ. ಲಲಿತಮ್ಮ ಜಗಲಿಯಿಂದ ಕೂಗಿದರು.

"ಜಯಾ, ಗೆಡ್ಡೆ ತಗೊಂಡ್ ಬಾರೆ. ಗೇಟಿನ ಹತ್ರ ಆದ್ರೂ ನೆಟ್ಟುಬಿಡಾಣ."

"ನನ್ ಹತ್ರ ಎಲ್ಲಿದೆ ಅಮ್ಮ? ನೀವು ತೆಗ್ಸಿದ್ದೀರಿ ಅಂದ್ಕಂಡಿದ್ದೆ."

"ನಾನಾ? ಕಣ್ಣಿಗೆ ಪಟ್ಟಿ ಕಟ್ಕೊಂಡು ಹಾಸನದಲ್ಲಿ ಮಲ್ಗಿದ್ನಲ್ಲೇ ಮಾರಾಯ್ತಿ."

ಇಬ್ಬರೂ ನಕ್ಕರು. ಜಯಕ್ಕ ನನ್ನ ಕಡೆ ತಿರುಗಿದರು. "ಹಂಗಾದ್ರೆ ಈ ಹುಡುಗಿನೇ ಇಟ್ಟಿರ್ಬೇಕು. ಬಿದ್ದ ಎಲೆನೂ ಎಣಿಸಿ ಬರೀತದೆ, ಗೆಡ್ಡೆ ಬಿಡ್ತದಾ?"

ನಾನು ಹೇಳಿದೆ: "ನಾನು ಬಂದಾಗ ಆ ಪಾತಿ ಖಾಲಿ ಇತ್ತು ಅಮ್ಮ. ಪುಸ್ತಕದಲ್ಲಿದೆ."

ಲಲಿತಮ್ಮ ಪುಸ್ತಕ ತೆಗೆದುಕೊಂಡರು. ಹೊಸ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು; ತಾರೀಕನ್ನೂ ಓದಿದರು. ಪುಸ್ತಕ ಮುಚ್ಚಿ ಅಂದರು: "ನೀನು ಹೋಗಿ ವಾರಕ್ಕೆ ಬರ್ದಿದ್ದು ಇದು. ಮಗಳ ಮನೆಗೆ ತಗೊಂಡ್ ಹೋದ್ಯಾ ಜಯಾ? ಕೇಳಿದ್ರೆ ಬ್ಯಾಡ ಅಂತಿದ್ನಾ?"

ಕಪ್ಪು ಬಟ್ಟೆಯ ಮೂರು ಗೆಡ್ಡೆಗಳ ವಿಷಯ ನನಗೆ ತಿಳಿದದ್ದು ಆಗಲೇ. ಲಲಿತಮ್ಮ ಮದುವೆಯಾಗಿ ಬಂದ ವರ್ಷ, ಕಳಸದ ಒಬ್ಬ ಮುದುಕಿಯಿಂದ ಒಂದು ಗೆಡ್ಡೆ ತಂದಿದ್ದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವರು ಜಯಕ್ಕ. ಕಪ್ಪೆನ್ನಬಹುದಾದಷ್ಟು ಕೆಂಪು ಹೂವು. ಬೇರೆ ಬಣ್ಣದ ಡೇರೆಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಇದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

ಜಯಕ್ಕ ನನ್ನನ್ನು ನೋಡಿದರು. ನಾನು ಹುಲ್ಲು ನೋಡಿದೆ. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ತಿಂಗಳೊಳಗೆ ಮಗಳ ಜೊತೆ ಇರಲು ಬಣಕಲ್‌ಗೆ ಹೋದರು. ಮಲ್ಲಂದೂರಿನಲ್ಲಿ ಸುದ್ದಿ ಅದಕ್ಕೂ ಮೊದಲೇ ಹರಡಿತ್ತು.

ನಿಜ ಹೇಳಲೆಂದು ಲಲಿತಮ್ಮನವರ ಮನೆಗೆ ಒಂಬತ್ತು ಸಲ ಹೊರಟಿದ್ದೇನೆ, ತಾರೀಕುಗಳಿವೆ. ನಾಲ್ಕು ಸಲ ಗೇಟಿನ ತನಕ. ಒಂದು ಸಲ ಒಳಗೆ ಕೂತು ಕಾಫಿ ಕುಡಿದು ಬಂದೆ. ಆ ಹುಲ್ಲುಹಾಸಿನ ಫೋಟೋ ಹಿಡಿದು 'ನಮಗೂ ಇಂಥದ್ದೇ ಬೇಕು' ಎಂದು ಬಂದವರಿಗೆ ಇದುವರೆಗೆ ಹನ್ನೊಂದು ಅಂಗಳ ಮಾಡಿಕೊಟ್ಟಿದ್ದೇನೆ. ಈ ಜನವರಿಯಲ್ಲಿ ಲಲಿತಮ್ಮ ತೀರಿಕೊಂಡರು. ಜಯಕ್ಕ ಕದ್ದಳೆಂದು ನಂಬಿಕೊಂಡೇ —

ಅವರು ಹೋದ ಮೇಲೆ ನನಗೆ ಧೈರ್ಯ ಬಂತು. ಇದಕ್ಕಿಂತ ನಾಚಿಕೆಗೇಡಿನ ಸಾಲನ್ನು ನಾನು ಬರೆದಿಲ್ಲ.

ಬಣಕಲ್‌ನ ಮನೆಯ ಮುಂದೆ ಜಯಕ್ಕ ಕಾಳುಮೆಣಸು ಒಣಗಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಮೆಣಸು ಕೆದಕುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು," ಅಂದರು. "ಆ ಜೂನ್‌ನಲ್ಲೇ ಗೊತ್ತಾಯ್ತು. ಸಾಮಾನು ತಗೊಂಡ್ ಬರೋಕೆ ಹೋದಾಗ ತಿರುವಿನ ಹೊಂಡದಲ್ಲಿ ಚಿಗುರಿದ್ವು. ಎರಡ್ರದ್ದು ಎಲೆ ನರ ಕಪ್ಪು. ಆ ಎರಡು ಬುಡ ಕಿತ್ಕೊಂಡ್ ಬಂದೆ."

"ಅಮ್ಮನಿಗೆ ತೋರಿಸಬಹುದಿತ್ತಲ್ಲ ಜಯಕ್ಕ…"

"ಏನಂತ ತೋರ್ಸಾದು? ಕದ್ದಿಟ್ಟಿದ್ದು ಈಗ ತಂದ್ಲು ಅನ್ನಲ್ವಾ? ನಿನ್ನ ಪುಸ್ತಕ ಇತ್ತಲ್ಲ ಅಲ್ಲಿ."

"ಇಲ್ಲೇ ನೆಡಬಹುದಿತ್ತು."

ಆಗ ಅವರ ಕೈ ನಿಂತಿತು. "ನೆಟ್ರೆ ಹೂ ಬಿಡ್ತದೆ ಮಾರಾಯ್ತಿ. ಆ ಹೂ ಇನ್ನೆಲ್ಲೂ ಇಲ್ಲ. ನನ್ನ ಅಂಗಳದಲ್ಲಿ ಬಿಟ್ರೆ ನಾನು ಕಳ್ಳಿ ಆಗೇ ಬಿಡ್ತಿದ್ದೆ."

ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಬೂದಿಯ ನಡುವೆ ಗೆಡ್ಡೆಗಳು ಹಳೆಯ ಶುಂಠಿಯಂತೆ ಸುಕ್ಕುಗಟ್ಟಿದ್ದವು. ಇನ್ನು ಯಾವ ಮಳೆಗೂ ಅವು ಚಿಗುರುವುದಿಲ್ಲ ಎಂದು ನನ್ನ ಕೆಲಸ ಬಲ್ಲ ಯಾರಾದರೂ ಹೇಳಬಲ್ಲರು.

"ಎಣಿಸ್ಕೋ. ಅದು ನಿಂಗೆ ಬರ್ತದಲ್ಲ."

ಎಣಿಸಿದೆ. ಎರಡು ಬುಡದ್ದೂ ಸೇರಿ ಏಳು.

ಊರಿಗೆಲ್ಲ ನಿಜ ಹೇಳುತ್ತೇನೆ, ಬರೆಯುತ್ತೇನೆ ಎಂದೆ. "ಬರ್ಕೋ," ಅಂದರು. "ಅಮ್ಮ ಓದ್ತಾರಾ?"

ಒಂದು ಗೆಡ್ಡೆ ಕೊಡಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಚ್ಚಳ ಒತ್ತಿ, ಡಬ್ಬಿಯನ್ನು ಒಳಗೆ ಕೊಂಡುಹೋದರು.