ಅಮ್ಮ ಹೋದ ವರ್ಷದ ತಲೆನೋವು

ಅಮ್ಮ ತೀರಿಕೊಂಡಾಗ ನಾನು ಅಳಲಿಲ್ಲ. ಅವಳಿಗೆ ಮೂರು ದಿನ ಜ್ವರ ಕಾಯಿತು, ನಾಲ್ಕನೆಯ ದಿನ ಬೆಳಿಗ್ಗೆ ಉಸಿರು ನಿಂತಿತು. ಅಲೆವೂರಿನ ನಮ್ಮ ಮನೆಯ ಚಾವಡಿಯಲ್ಲಿ ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅವರ ಬೆನ್ನು ಸವರಿದೆ, ಬಂದವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗಾಗ ಇಪ್ಪತ್ನಾಲ್ಕು. ಉತ್ತರಕ್ರಿಯೆ ಮುಗಿದ ಮರುದಿನವೇ ಕೆಲಸಕ್ಕೆ ಹೋದೆ. ಹೋಗಬಾರದೆಂದು ಅನ್ನಿಸಲಿಲ್ಲ. ಹೋಗಬೇಕೆಂದೂ ಅನ್ನಿಸಲಿಲ್ಲ.

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ಅಚ್ಚಿನ ಮೊಳೆ ಜೋಡಿಸಿ ತೆಗೆದ ಉದ್ದುದ್ದ ಹಾಳೆಗಳನ್ನು ಓದಿ, ತಪ್ಪಿದ್ದಲ್ಲಿ ಅಂಚಿನಲ್ಲಿ ಗುರುತು ಹಾಕಬೇಕು. ಆ ತಿಂಗಳು ತಪ್ಪುಗಳು ನನ್ನ ಕಣ್ಣೆದುರೇ ದಾಟಿಹೋಗತೊಡಗಿದವು. ಒತ್ತಕ್ಷರ ಬಿಟ್ಟುಹೋದದ್ದು, ಒಂದು ಸಾಲು ಎರಡು ಸಲ ಬಂದದ್ದು. ವಿಭಾಗದ ಹಿರಿಯರು ಕರೆದರು. ಗದರಲಿಲ್ಲ. "ನೀವು ಒಮ್ಮೆ ಕಣ್ಣು ತೋರಿಸಿ, ಆಯ್ತಾ?" ಎಂದರು.

ಉಡುಪಿಯ ಒಂದು ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ಅಕ್ಷರದ ಹಲಗೆ ಓದಿಸಿ, ಗಾಜು ಬದಲಿಸಿ ಬದಲಿಸಿ ನೋಡಿ, ನಂಬರು ಬರೆದುಕೊಂಡರು. ದಪ್ಪನೆಯ ಕಂದು ಫ್ರೇಮೊಂದನ್ನು ನನ್ನ ಮುಖಕ್ಕೆ ಇಟ್ಟು, "ಇದು ಒಳ್ಳೆದುಂಟು," ಎಂದರು. ಬೇರೆ ಯಾವ ಅಳತೆಯನ್ನೂ ತೆಗೆಯಲಿಲ್ಲ. ತೆಗೆಯಬೇಕೆಂದು ನನಗೂ ಗೊತ್ತಿರಲಿಲ್ಲ. ವಾರದ ನಂತರ ಕನ್ನಡಕ ಬಂತು. ಅಕ್ಷರಗಳು ಚೊಕ್ಕವಾಗಿ ಕಂಡವು.

ತಲೆನೋವು ಶುರುವಾದದ್ದು ಮೂರನೆಯ ದಿನ. ಮಧ್ಯಾಹ್ನದ ಊಟವಾದ ಮೇಲೆ ಹುಬ್ಬುಗಳ ನಡುವೆ ಹಿಡಿದುಕೊಂಡಿತು, ಸಂಜೆಗೆ ಕಿವಿಗಳ ಹಿಂದೆ ಇಳಿದು ಕುತ್ತಿಗೆಗೆ ಬಂತು. ಬಸ್ಸಿನಿಂದ ಇಳಿದಾಗ ಕಾಲ ಕೆಳಗಿನ ರಸ್ತೆ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತಿತ್ತು. ಮರುದಿನವೂ ಹಾಗೆಯೇ ಆಯಿತು. ಆ ವಾರವಿಡೀ, ಆ ತಿಂಗಳಿಡೀ ಹಾಗೆಯೇ.

ಕಾಪುವಿನಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ಪ್ರತಿ ಭಾನುವಾರ ನನ್ನನ್ನೂ ಅಪ್ಪನನ್ನೂ ನೋಡಲು ಬರುತ್ತಿದ್ದರು. ವಿಷಯ ಕೇಳಿದ ಕೂಡಲೇ ಅವರಿಗೆ ಕಾರಣ ಗೊತ್ತಾಯಿತು.

"ನೀನು ಅಳಲಿಲ್ಲ ಅಲ್ವಾ ಮಾರಾಯ್ತಿ, ಆ ದುಃಖ ತಲೆಗೆ ಏರಿದ್ದು. ಇವತ್ತು ನೋವು ಉಂಟಾ?"

"ಇವತ್ತು ಇಲ್ಲ."

"ನೋಡು. ನಾವೆಲ್ಲ ಜೊತೆಗಿದ್ದರೆ ನಿನಗೆ ಹಗುರ."

ಅಪ್ಪನೂ ಅದನ್ನೇ ನಂಬಿದರು. ಅಪ್ಪ ದರ್ಜಿ. ಬಸ್ಸು ನಿಲ್ಲುವಲ್ಲಿ ಒಂದು ಮಶೀನಿನ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಮಾತು ಕಡಿಮೆ. ನನ್ನನ್ನು ಕಾರ್ಕಳದ ಒಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ತಲೆಗೆ ಹಚ್ಚುವ ಎಣ್ಣೆ ತಂದರು. ಸಂಜೆ ಅಂಗಡಿ ಮುಚ್ಚಿ ಬಂದವರೇ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಹಿಂದೆ ನಿಂತು, ಆ ಎಣ್ಣೆಯನ್ನು ತಿಕ್ಕುತ್ತಿದ್ದರು. ಚಿಕ್ಕಂದಿನಲ್ಲಿಯೂ ಅವರು ನನ್ನ ತಲೆ ಮುಟ್ಟಿದ ನೆನಪಿಲ್ಲ. "ಅವಳನ್ನು ನೆನೆಸಿಕೊಂಡೇ ಅಲ್ವಾ ಇದು," ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ನಿಜವಾಗಿ ನಾನು ಏನನ್ನೂ ನೆನೆಯುತ್ತಿರಲಿಲ್ಲ. ಆದರೆ ಎಲ್ಲರೂ ಹೇಳುವಾಗ, ಒಳಗೆಲ್ಲೋ ದುಃಖ ಇರಬೇಕು, ಅದು ತಲೆಯ ದಾರಿಯಲ್ಲಿ ಹೊರಬರುತ್ತಿರಬೇಕು ಎಂದು ನಾನೂ ಒಪ್ಪಿಕೊಂಡೆ. ಅಳು ಬಾರದವಳಿಗೆ ಅಷ್ಟಾದರೂ ಇದೆಯಲ್ಲ ಅನ್ನಿಸಿತ್ತು.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ದಿನ ಮುದ್ರಣಾಲಯದಲ್ಲೇ ವಾಂತಿಯಾಯಿತು. ಪಕ್ಕದ ಮೇಜಿನಾಕೆ ನನ್ನನ್ನು ಕೈಹಿಡಿದು ಮಣಿಪಾಲದ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ದಳು. ಅಲ್ಲಿದ್ದವರು ನಡುವಯಸ್ಸಿನ ಡಾಕ್ಟರಮ್ಮ. ನಾನು ಅಮ್ಮ ಹೋದದ್ದು, ಅಳದೆ ಇದ್ದದ್ದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಭಾನುವಾರ ನೋವು ಬರ್ತದಾ?"

"ಇಲ್ಲ."

"ಭಾನುವಾರ ಕನ್ನಡಕ ಹಾಕ್ತೀರಾ?"

"ಓದಲಿಕ್ಕೆ ಇರುವುದಿಲ್ಲ, ಹಾಗಾಗಿ ಹಾಕುವುದಿಲ್ಲ."

ಅವರು ನನ್ನ ಕನ್ನಡಕ ತೆಗೆದುಕೊಂಡು ಯಂತ್ರವೊಂದರ ಕೆಳಗಿಟ್ಟು, ಎರಡು ಗಾಜುಗಳ ಮೇಲೂ ಒಂದೊಂದು ಶಾಯಿಯ ಚುಕ್ಕೆ ಇಟ್ಟರು. ಮತ್ತೆ ನನ್ನ ಮುಖಕ್ಕೆ ಹಾಕಿ, ಸ್ಕೇಲು ಹಿಡಿದು ನೋಡಿದರು. ಕಿವಿಯ ಹಿಂದೆ ಬೆರಳಾಡಿಸಿದರು. ಅಲ್ಲಿ ಚರ್ಮ ಗೀರುಬಿದ್ದು ಗಟ್ಟಿಯಾಗಿತ್ತು.

"ನಂಬರು ಸರಿ ಉಂಟು," ಎಂದರು. "ಆದರೆ ಗಾಜಿನ ನಡುಭಾಗ ನಿಮ್ಮ ಕಣ್ಣಿನ ಪಾಪೆಯ ಎದುರಿಗೆ ಬರಬೇಕು. ಇದರಲ್ಲಿ ಎರಡೂ ಹೊರಗೆ ಹೋಗಿವೆ. ಇಡೀ ದಿನ ಕಣ್ಣುಗಳು ಅದನ್ನು ಎಳೆದು ಎಳೆದು ಸರಿ ಮಾಡಿಕೊಳ್ತಾ ಉಂಟು. ಕಿವಿಗೆ ಸಿಕ್ಕಿಸುವ ಕಡ್ಡಿಯೂ ಬಿಗಿ. ತಲೆ ನೋಯದೆ ಎಂತ ಮಾಡೀತು?"

ಪಾಪೆಗಳ ನಡುವಿನ ಅಂತರವನ್ನು ಅಳೆದು ಚೀಟಿಯಲ್ಲಿ ಬರೆದರು. ಓದುವ ಕನ್ನಡಕ ಹಾಕಿಕೊಂಡು ರಸ್ತೆಯಲ್ಲಿ ನಡೆಯಬಾರದು, ಒಂದೊಂದು ಹಾಳೆ ಮುಗಿದಾಗಲೂ ತಲೆಯೆತ್ತಿ ಕಿಟಕಿಯಾಚೆ ದೂರ ನೋಡಬೇಕು, ದೀಪದ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಬಾರದು ಎಂದರು. "ಹೊಸ ಕನ್ನಡಕಕ್ಕೆ ಒಗ್ಗಲು ಒಂದು ವಾರ ಬೇಕು, ಕೆಲವರಿಗೆ ಎರಡು. ಅದಕ್ಕೂ ಮೇಲೆ ನೋವಿದ್ದರೆ ಸಹಿಸಿಕೊಂಡು ಕೂರಬೇಡಿ, ಬನ್ನಿ. ಮನೆಯಲ್ಲಿ ಬೇರೆಯವರ ಕನ್ನಡಕ ಯಾರಾದರೂ ಹಾಕ್ತಾರಾ? ಅದೂ ಕೂಡದು."

ಅಮ್ಮ ಬೀಡಿ ಕಟ್ಟುವಾಗ ಹಾಕುತ್ತಿದ್ದ ಕನ್ನಡಕವನ್ನು ಈಗ ಅಪ್ಪ ಹಾಕುತ್ತಿದ್ದರು. ಅಮ್ಮ ಇದ್ದಾಗ ಬೆಳಿಗ್ಗೆಯೇ ಏಳೆಂಟು ಸೂಜಿಗಳಿಗೆ ನೂಲು ಪೋಣಿಸಿ ಕೊಡುತ್ತಿದ್ದಳು. ಈಗ ಅಪ್ಪನೇ ಪೋಣಿಸಿಕೊಳ್ಳಬೇಕಿತ್ತು.

ಹೊಸ ಫ್ರೇಮಿಗೆ, ಹೊಸ ಅಳತೆಗೆ ಗಾಜು ಕೂರಿಸಿದರು. ಆರನೆಯ ದಿನಕ್ಕೆ ನೋವು ಇಲ್ಲವಾಯಿತು. ಸಂಜೆ ಬಸ್ಸಿನಲ್ಲಿ ಕುಳಿತು, ಹುಬ್ಬುಗಳ ನಡುವೆ ಬೆರಳಿಟ್ಟು ಒತ್ತಿ ನೋಡಿದೆ. ಏನೂ ಇರಲಿಲ್ಲ. ಸಂತೋಷವಾಗಬೇಕಿತ್ತು. ಖಾಲಿ ಕೋಣೆಗೆ ಹೋಗಿ ನಿಂತ ಹಾಗಾಯಿತು, ಅಷ್ಟೇ.

ಅಂದು ಅಪ್ಪ ಎಣ್ಣೆಯ ಬಾಟಲಿ ಹಿಡಿದು ಬಂದಾಗ ಹೇಳಿದೆ. "ಬೇಡ ಅಪ್ಪ. ಅದು ಕನ್ನಡಕದಿಂದ ಬಂದದ್ದಂತೆ. ಗಾಜು ಕೂರಿಸಿದ್ದು ತಪ್ಪಾಗಿತ್ತು."

"ಹಾಗಾದರೆ ಅದು ಅವಳಿಗಾಗಿ ಅಲ್ಲವಾ?"

"ಅಲ್ಲ."

ಅವರು ಬಾಟಲಿಯ ಬಿರಡೆ ಮುಚ್ಚಿದರು. ನಾನು ಹೇಳಬಾರದಿತ್ತೇನೋ. ಆದರೆ ಹೇಳಲು ಶುರುಮಾಡಿದ್ದನ್ನು ನಿಲ್ಲಿಸಲು ನನಗೆ ತಿಳಿಯಲಿಲ್ಲ.

"ನಿಮಗೂ ತಲೆನೋವು ಉಂಟಲ್ಲ, ಅಮ್ಮನ ಕನ್ನಡಕ ಹಾಕಿ?"

"ಉಂಟು. ಇರಲಿ."

"ಅವಳ ನಂಬರು ಬೇರೆ, ನಿಮ್ಮದು ಬೇರೆ."

"ಗೊತ್ತುಂಟು. ಇರಲಿ ಅಂದೆನಲ್ಲ."

ಮುಂದೆ ನಾನು ಒತ್ತಾಯಿಸಲಿಲ್ಲ. ಅವಳಿಗಾಗಿ ನನಗೆ ಇಲ್ಲದ ನೋವು ಅಪ್ಪನಿಗೆ ಇದೆ ಎಂದು ಗೊತ್ತಾಯಿತು. ಅದನ್ನು ಕಿತ್ತುಕೊಳ್ಳುವ ಮನಸ್ಸಾಗಲಿಲ್ಲ. ಎರಡು ವರ್ಷ ಅವರು ಆ ನೋವಿನಲ್ಲೇ ಹೊಲಿದರು. ಹಣೆಗೆ ಬಟ್ಟೆ ಕಟ್ಟಿಕೊಂಡು ಮಶೀನು ತುಳಿಯುವುದನ್ನು ಬಸ್ಸಿನಿಂದ ಇಳಿಯುವಾಗ ನೋಡುತ್ತಿದ್ದೆ.

ಕೊನೆಗೆ ಒಂದು ಸಂಜೆ, ಶಂಕರಪುರದ ಕೊಂಕಣಿ ಮನೆಯೊಂದರ ಮದುವೆಗೆ ಕೊಟ್ಟಿದ್ದ ಬಟ್ಟೆಯ ಅಳತೆ ಪಟ್ಟಿಯನ್ನು ತಪ್ಪಾಗಿ ಓದಿ, ಅಪ್ಪ ತೋಳನ್ನು ಮೂರಿಂಚು ಗಿಡ್ಡ ಕತ್ತರಿಸಿಬಿಟ್ಟರು. ಮನೆಗೆ ಬಂದು ಮೆಟ್ಟಿಲ ಮೇಲೆ ಕುಳಿತರು. "ನಾಳೆ ಆ ಡಾಕ್ಟರಮ್ಮನ ಹತ್ತಿರ ಹೋಗುವ," ಎಂದರು. ನಾನು ರಜೆ ಹಾಕಿದೆ.

ಅಪ್ಪನಿಗೆ ಅವರದೇ ಕನ್ನಡಕ ಬಂದ ದಿನ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಮರಳಿದೆವು. ಅವರು ಅದನ್ನು ಹಾಕಿಕೊಂಡೇ ಕಿಟಕಿಯಾಚೆ ನೋಡುತ್ತಿದ್ದರು. ತೆಗೆಯಿರಿ, ಅದು ಹತ್ತಿರದ್ದಕ್ಕೆ ಮಾತ್ರ ಎಂದೆ. ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

"ಒಗ್ಗಲಿಕ್ಕೆ ಎಷ್ಟು ದಿನ ಬೇಕಂತೆ?"

"ಒಂದು ವಾರ. ಕೆಲವರಿಗೆ ಜಾಸ್ತಿ."

"ಆಗಲಿ," ಎಂದರು.