ಕೊಡಿಲ್ಲಿ ಮಿಸ್ ಮತ್ತು ಮೂರನೇ ಬಾಟಲಿ

ನಮ್ಮಕ್ಕನ ಜೊತೆ ಏಗುವುದು ಸುಲಭವಲ್ಲ. ನಾನು ಈರುಳ್ಳಿ ಹೆಚ್ಚಲು ಕೂತರೆ "ಕೊಡಿಲ್ಲಿ" ಎಂದು ಚಾಕು ಕಿತ್ತುಕೊಳ್ಳುತ್ತಾಳೆ. ಸೂಜಿಗೆ ದಾರ ಪೋಣಿಸುತ್ತಿದ್ದರೆ ಸೂಜಿಯೂ ಹೋಯಿತು, ದಾರವೂ ಹೋಯಿತು. ಬೇರೆಯವರು ತಡಕಾಡುವುದನ್ನು ಕಂಡರೆ ಅವಳ ಕೈ ಸುಮ್ಮನಿರದು. ಶಾಲೆಯಲ್ಲಿ ಅವಳು ವಿಜ್ಞಾನದ ಟೀಚರ್. ಮಕ್ಕಳಿಟ್ಟ ಹೆಸರು ಕೊಡಿಲ್ಲಿ ಮಿಸ್. ಅಲ್ಲೇ ಇತಿಹಾಸ ಪಾಠ ಮಾಡುವ ನನಗೆ ಮನೆಯಲ್ಲೂ ಬಿಡುಗಡೆಯಿಲ್ಲ, ಶಾಲೆಯಲ್ಲೂ ಇಲ್ಲ.

ಅವಳ ಕ್ಲಾಸಿನಲ್ಲಿ ಒಂದು ಪ್ರಯೋಗವೂ ತಪ್ಪಿದ್ದಿಲ್ಲ. ತಪ್ಪುವುದಾದರೂ ಹೇಗೆ, ಮಾಡುತ್ತಿದ್ದವಳು ಅವಳೇ. ಮಕ್ಕಳು ಕೈಕಟ್ಟಿ ನೋಡುತ್ತಿದ್ದರು. ಈ ವರ್ಷ ಬಂದ ಹೊಸ ಹೆಡ್‌ಮೇಡಂ ಅದಕ್ಕೆ ಕಡಿವಾಣ ಹಾಕಿದರು. ಪ್ರಶ್ನೆ ಮಕ್ಕಳದೇ, ಕೆಲಸವೂ ಮಕ್ಕಳದೇ. ಟೀಚರ್ ಕೈ ಹಾಕಿದರೆ ಆರನೇ ಕ್ಲಾಸಿನ ವಿಜ್ಞಾನ ಬೇರೆಯವರಿಗೆ. ಆ ಕ್ಲಾಸೆಂದರೆ ಅಕ್ಕನಿಗೆ ಪ್ರಾಣ. ಅಂದು ಅವಳಿಗೆ ಊಟ ಸೇರಲಿಲ್ಲ.

ರಜೆಯಲ್ಲಿ ಮಹಡಿಯ ಕುಂಡಗಳಿಗೆ ನೀರು ಹಾಕುವವರು ಯಾರು ಎಂಬುದು ಮಕ್ಕಳು ಆರಿಸಿಕೊಂಡ ಪ್ರಶ್ನೆ. ಖಾಲಿ ಬಾಟಲಿಗಳ ತಳಕ್ಕೆ ದಬ್ಬಣದಿಂದ ಬೇರೆ ಬೇರೆ ಅಳತೆಯ ತೂತು ಕೊರೆದು, ನೀರು ತುಂಬಿ, ಗಿಡಕ್ಕೊಂದರಂತೆ ತೂಗುಹಾಕಿದರು. ಒಂದು ತೂತಿಗೆ ಅರ್ಧ ಪೀರಿಯಡ್! ಅಕ್ಕ ಹಲ್ಲು ಕಚ್ಚಿಕೊಂಡು, ಕೈ ಹಿಂದೆ ಕಟ್ಟಿಕೊಂಡು ನಿಂತಳಂತೆ. ಮನೆಗೆ ಬಂದು ಆ ಸಿಟ್ಟನ್ನೆಲ್ಲ ನಾನು ಪಾತ್ರೆ ತೊಳೆಯುವ ರೀತಿಯ ಮೇಲೆ ತೀರಿಸಿಕೊಂಡಳು.

ಮೂರನೇ ಬಾಟಲಿಯದು ದೊಡ್ಡ ತೂತು. ಅದು ಬೇಗ ಬರಿದಾಗಿ ಗಿಡ ಬಾಡುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಎಷ್ಟು ಬೇಗ ಎಂಬುದೇ ಅವರಿಗೆ ಬೇಕಿತ್ತು. ಅಕ್ಕ ಒಂದು ದಿನ ಬೆಳಿಗ್ಗೆ ಬೇಗ ಹೋಗಿ ಬೋರ್ಡಿನ ಮೇಲೆ ಚಿತ್ರ ಬರೆದಿಟ್ಟವಳು, ಮಹಡಿಗೆ ಹೋಗಿ ಆ ಬಾಟಲಿ ತುಂಬಿಸಿಬಿಟ್ಟಳು. ಕೇಳಿ ನಾನು ತಲೆ ಚಚ್ಚಿಕೊಂಡೆ.

"ಗಿಡ ಸಾಯ್ತಿತ್ತು ಕಣೇ" ಅಂದಳು.

ಖಾಲಿಯಿರಬೇಕಾದ ಬಾಟಲಿ ತುಂಬಿದ್ದು ಕಂಡು ಮಕ್ಕಳು ಅಳಲಿಲ್ಲ, ದೂರಲಿಲ್ಲ. ಬಾಟಲಿಯ ಕತ್ತಿನಲ್ಲಿ ನೀಲಿ ಸೀಮೆಸುಣ್ಣದ ಬೆರಳ ಗುರುತಿತ್ತು. ತಂಡವನ್ನು ನಡೆಸುತ್ತಿದ್ದ ಎರಡು ಜಡೆಯ ಹುಡುಗಿ ಕಾವಲುಗಾರನಿಗೆ, ಆಯಾಗೆ, ನನಗೆ ಒಂದೊಂದು ಬಾಟಲಿ ಹಿಡಿಸಿ ಗುರುತು ಪರೀಕ್ಷಿಸಿದಳು. ನನ್ನದು ಬಿಳಿ ಸೀಮೆಸುಣ್ಣ, ಬಚಾವಾದೆ. ಬಣ್ಣದ ಚಿತ್ರ ಬರೆಯುವ ಅಕ್ಕ ಸಿಕ್ಕಿಬಿದ್ದಳು, ಅದೂ ಹೆಡ್‌ಮೇಡಂ ಬಾಗಿಲಲ್ಲಿ ನಿಂತಿರುವಾಗಲೇ.

ಮೇಡಂ ತಮ್ಮ ಮಾತನ್ನು ನೆನಪಿಸಿದರು. ಅಕ್ಕ ತಲೆ ತಗ್ಗಿಸಿದಳು. ಅವಳ ಮೇಲೆ ಎಷ್ಟೇ ಸಿಟ್ಟಿದ್ದರೂ ನಾನು ಹೋಗಿ ಅವಳ ಪಕ್ಕ ನಿಂತೆ.

"ಮಿಸ್ ಇರ್ಲಿ, ಮೇಡಂ" ಅಂದಳು ಹುಡುಗಿ. "ಈ ರಜೇಲಿ ಇನ್ನೊಂದ್ಸಲ ಮಾಡ್ತೀವಿ. ಗಿಡ ಎಷ್ಟು ದಿನ ತಡ್ಕೊಳ್ಳತ್ತೆ, ಮಿಸ್ ಎಷ್ಟು ದಿನ ತಡ್ಕೋತಾರೆ, ಎರಡೂ ನೋಡ್ತೀವಿ."

ಮೇಡಂ ನಗು ನುಂಗಿಕೊಂಡು ಒಪ್ಪಿದರು.

ರಜೆಯುದ್ದಕ್ಕೂ ಅಕ್ಕ ಮನೆಯಲ್ಲಿ ಚಡಪಡಿಸಿದಳು. ಶಾಲೆಯ ಕಡೆಗೆ ಹೊರಟವಳನ್ನು ಗೇಟಿನಿಂದ ನಾನೇ ಎಳೆದು ತಂದೆ. ಕೂತಲ್ಲಿ ಕೂರಲಿಲ್ಲ, ನನ್ನನ್ನೂ ಕೂರಲು ಬಿಡಲಿಲ್ಲ.

ಶಾಲೆ ತೆರೆದಾಗ ಮೂರನೇ ಗಿಡ ಜೋತುಬಿದ್ದಿತ್ತು, ಬಾಟಲಿ ಒಣಗಿತ್ತು, ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಕ್ಲಾಸು ಅಕ್ಕನಿಗೇ ಉಳಿಯಿತು. ಹುಡುಗಿ ಗಿಡಕ್ಕೆ ನೀರು ಹಾಕಿ, ಸಣ್ಣ ತೂತಿನ ಹೊಸ ಬಾಟಲಿಗೆ ಕೈಹಚ್ಚಿದಳು. ಬಾಟಲಿ ಜಾರುತ್ತಿತ್ತು. ಅಕ್ಕನ ಕಡೆ ತಿರುಗಿದಳು.

"ಇದನ್ನ ಹಿಡ್ಕೊಳ್ಳಿ ಮಿಸ್. ಹಿಡ್ಕೊಂಡ್ರೆ ಸಾಕು."

ಅಕ್ಕ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ತೂತು ಸೊಟ್ಟಗಾಯಿತು; ಅಕ್ಕ ಬಾಟಲಿಯನ್ನಷ್ಟೇ ಹಿಡಿದಿದ್ದಳು.