ಗೋಸುಂಬೆಗೆ ಮನೆ ಹುಡುಕಿದ ಅಕ್ಕ

ನನ್ನ ಅಕ್ಕ ಇಪ್ಪತ್ತೆರಡು ವರ್ಷದಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಕೆಲಸ ಮಾಡುತ್ತಿದ್ದಾಳೆ. ಹೊಲಿದು ಬಂದ ಶರ್ಟುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಒಳಗು ಹೊರಗು ತಿರುವಿ, ಹೊಲಿಗೆ ಬಿಟ್ಟ ಕಡೆ, ಕಲೆ ಬಿದ್ದ ಕಡೆ ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು. ಇಡೀ ದಿನ ನಿಂತೇ ಕೆಲಸ. ಸಂಜೆ ಮನೆಗೆ ಬರುವಷ್ಟರಲ್ಲಿ ಕಾಲು ಊದಿಕೊಂಡು ಕಣ್ಣು ಕೆಂಪಗಾಗಿರುತ್ತದೆ. ಆದರೂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಕಾಲರಿನಲ್ಲಿ ದಾರ ಎದ್ದಿದೆ ಎಂದು ಹೇಳದೆ ಒಳಗೆ ಬಿಡುವವಳಲ್ಲ. ಬೆಳಕಿನಲ್ಲಿಟ್ಟು ನೋಡುತ್ತಲೇ ಇದ್ದರೆ ಯಾವುದೂ ಕೆಡುವುದಿಲ್ಲ ಎನ್ನುವುದು ಅವಳ ನಂಬಿಕೆ. ಈ ನಂಬಿಕೆಯಿಂದ ನನ್ನ ತಲೆ ಎಷ್ಟೋ ಸಲ ಕೆಟ್ಟಿದೆ.

ಭಾವ ಬಸ್ಸು ಓಡಿಸುತ್ತಿದ್ದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ಹೆಚ್ಚುಕಡಿಮೆ ನಿಂತಿತು. ಆಸ್ಪತ್ರೆಯಿಂದ ತಂದ ದಿನವೇ ಅಕ್ಕ ಅವರ ಮಂಚವನ್ನು ಹಾಲಿನ ನಟ್ಟನಡುವೆ ಟ್ಯೂಬ್‌ಲೈಟಿನ ಕೆಳಗೆ ಹಾಕಿಸಿದಳು. ಅಡುಗೆಮನೆಯಿಂದ ನೋಡಿದರೂ ಕಾಣಬೇಕು, ಬಚ್ಚಲಿಂದ ನೋಡಿದರೂ ಕಾಣಬೇಕು, ಅವಳು ಕೆಲಸಕ್ಕೆ ಹೋದಾಗ ಎದುರು ಮನೆ ಅಜ್ಜಿಗೆ ತನ್ನ ಬಾಗಿಲಲ್ಲಿ ಕೂತೇ ಕಾಣಬೇಕು. ಬಂದವರೆಲ್ಲ ಮಂಚದ ಸುತ್ತ ನಿಂತು ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಭಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಬಂತು ಪಾಪ ಎಂದುಕೊಳ್ಳುತ್ತಿದ್ದೆವು.

ಗೋಸುಂಬೆ ಬಂದದ್ದು ಮಹಡಿ ಮೇಲಿನ ಬಾಡಿಗೆ ಮನೆಯ ಮೇಷ್ಟರಿಂದ. ಅವರಿಗೆ ವರ್ಗವಾಯಿತು. ಹೊಸ ಊರಿನಲ್ಲಿ ಮನೆ ಸಿಗುವವರೆಗೆ ನೋಡಿಕೊಳ್ಳಿ ಎಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟು ಹೋದರು. ಆ ಮನುಷ್ಯನಿಗೆ ಇಲ್ಲ ಎನ್ನಲಾಗದ ಅಕ್ಕನ ಮೇಲೆ ನಾನು ರೇಗಿದೆ. ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವುದಕ್ಕೇ ಜೀವ ಹಿಂಡಿಹೋಗಿದೆ, ಈಗ ಇದೊಂದು ಬೇರೆ. ಅವಳು ಉತ್ತರ ಕೊಡುವ ಮೊದಲೇ ಪೆಟ್ಟಿಗೆಯಿಂದ ಅದು ತಲೆ ಎತ್ತಿ, ಒಂದು ಕಣ್ಣು ಮುಂದಕ್ಕೆ, ಇನ್ನೊಂದು ಕಣ್ಣು ಹಿಂದಕ್ಕೆ ತಿರುಗಿಸಿತು. ಭಾವ ಅದನ್ನೇ ನೋಡುತ್ತಿದ್ದವರು, ಬಾಯಿ ಸೊಟ್ಟ ಮಾಡಿಕೊಂಡು, "ಡ್ರೈವರ್" ಅಂದರು. ಆಮೇಲೆ ನಕ್ಕರು.

ಎಂಟು ತಿಂಗಳಲ್ಲಿ ಅದೇ ಮೊದಲ ನಗು. ಅಕ್ಕ ಅಡುಗೆಮನೆಗೆ ಹೋಗಿ ಅತ್ತು ಬಂದಳು. ಅಂದಿನಿಂದ ಆ ಪ್ರಾಣಿ ಬದುಕಲೇಬೇಕು ಎನ್ನುವುದು ಮನೆಯ ಕಾನೂನಾಯಿತು. ಗೋಸುಂಬೆ ಬುದ್ಧಿಯವರು ಎಂದು ಜನರನ್ನು ಬೈದುಕೊಂಡೇ ಬೆಳೆದ ನಾನು, ಗೋಸುಂಬೆಗಾಗಿ ಹಿಂದಿನ ಖಾಲಿ ಜಾಗದಲ್ಲಿ ಮಿಡತೆ ಹಿಡಿಯಲು ಬಗ್ಗತೊಡಗಿದೆ. ಸೊಂಟ ಹಿಡಿದುಕೊಂಡದ್ದೇ ಬಂತು.

ಮೊದಲು ಹಕ್ಕಿಯ ಪಂಜರ ತಂದೆವು. ಕಂಬಿಗಳ ನಡುವೆ ನುಸುಳಿ ಅದು ಪರದೆಯ ಸರಳಿನ ಮೇಲೆ ಹೋಗಿ ಕೂತಿತು. ಕೆಳಗಿಳಿಸುವಷ್ಟರಲ್ಲಿ ಇಬ್ಬರೂ ಸುಸ್ತು. ಆಗ ಅಕ್ಕ ತಾನೇ ಅಂಗಡಿಗೆ ಹೋಗಿ ಮೀನಿನ ಗಾಜಿನ ತೊಟ್ಟಿ ಆರಿಸಿ ತಂದಳು. ನಾಲ್ಕು ಕಡೆಯಿಂದಲೂ ಕಾಣುತ್ತದೆ, ಮೂಲೆಯಲ್ಲಿ ಕಸ ಬಿದ್ದರೂ ಗೊತ್ತಾಗುತ್ತದೆ ಎಂದು ಅವಳಿಗೆ ಅದು ಬಹಳ ಹಿಡಿಸಿತ್ತು. ಭಾವನ ಮಂಚದ ಪಕ್ಕದಲ್ಲೇ, ಅದೇ ಟ್ಯೂಬ್‌ಲೈಟಿನ ಕೆಳಗೆ ಇಟ್ಟಳು. ಒಳಗೆ ಒಂದು ಒಣ ಕೊಂಬೆ, ಒಂದು ಬಟ್ಟಲು ನೀರು.

ಮಾರನೆಯ ದಿನವೇ ಅದರ ಬಣ್ಣ ಕೆಟ್ಟಿತು. ಹಸಿರು ಹೋಗಿ ಮಸಿ ಬಳಿದ ಹಾಗಾಯಿತು. ಗಾಜಿನ ಕಡೆ ಬಾಯಿ ತೆರೆದು ಬುಸುಗುಟ್ಟುವುದು, ಮೈ ಉಬ್ಬಿಸುವುದು, ಸುಸ್ತಾಗಿ ಕಣ್ಣು ಮುಚ್ಚುವುದು. ಬಟ್ಟಲಿನ ನೀರು ಹಾಗೇ ಇತ್ತು. ನಾನು ಕಷ್ಟಪಟ್ಟು ಹಿಡಿದ ಮಿಡತೆಗಳು ಅದರ ಬೆನ್ನ ಮೇಲೇ ಓಡಾಡುತ್ತಿದ್ದವು. ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವ ಮೊದಲು ತೊಟ್ಟಿಗೆ ಮುಖ ಹಚ್ಚುತ್ತಿದ್ದಳು. ಅವಳು ಹತ್ತಿರ ಹೋದಷ್ಟೂ ಅದು ಇನ್ನಷ್ಟು ಕಪ್ಪಾಗುತ್ತಿತ್ತು. ನಾಲ್ಕನೆಯ ದಿನ ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ಊಟಕ್ಕೂ ಈ ಕಡೆ ತಿರುಗಲಿಲ್ಲ. ಅಕ್ಕ ತಟ್ಟೆಯನ್ನು ಹಾಗೇ ಅಡುಗೆಮನೆಗೆ ವಾಪಸು ಒಯ್ದಳು. ಅದು ಸತ್ತರೆ ಇವರೂ ಮಾತು ಪೂರ್ತಿ ಬಿಟ್ಟುಬಿಡುತ್ತಾರೆ ಎಂಬ ಭಯ ಅವಳಿಗೆ, ನನಗೂ.

ಮೇಷ್ಟರಿಗೆ ಫೋನು ಮಾಡಿದೆ. ಗಾಜು ಎಂದೊಡನೆ ಅವರು ಅಯ್ಯೋ ಎಂದರು. ಗಾಜಿನಲ್ಲಿ ತನ್ನ ಬಿಂಬವನ್ನೇ ನೋಡಿ, ಯಾರೋ ತನ್ನ ಜಾಗಕ್ಕೆ ಬಂದಿದ್ದಾರೆ ಎಂದುಕೊಂಡು ಹಗಲೆಲ್ಲ ಜಗಳಕ್ಕೆ ನಿಲ್ಲುತ್ತದಂತೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಜಾಲರಿಯ ಗೂಡು ಬೇಕು, ಗಾಳಿ ಆಡಬೇಕು, ಒಳಗೆ ಜೀವಂತ ಗಿಡ ಬೇಕು. ಬಟ್ಟಲಿನ ನೀರು ಅದಕ್ಕೆ ನೀರೆಂದೇ ಗೊತ್ತಾಗುವುದಿಲ್ಲ, ಎಲೆಯ ಮೇಲಿನ ಹನಿ ಮಾತ್ರ ನೆಕ್ಕುತ್ತದೆ. ಗೂಡನ್ನು ನಮ್ಮ ತಲೆಗಿಂತ ಮೇಲಿಡಿ, ಮೂರು ಕಡೆ ಬಟ್ಟೆ ಮುಚ್ಚಿ, ಮುಖ್ಯವಾಗಿ ಸುಮ್ಮನೆ ದಿಟ್ಟಿಸಬೇಡಿ ಎಂದರು. ಇಷ್ಟನ್ನೂ ಪೆಟ್ಟಿಗೆ ಕೊಡುವಾಗಲೇ ಹೇಳಬಾರದಿತ್ತೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಕ್ಕನಿಗೆ ಇದು ರುಚಿಸಲಿಲ್ಲ.

"ಮುಚ್ಚಿಟ್ರೆ ಅದು ಇದ್ಯೋ ಸತ್ತಿದ್ಯೋ ಅಂತ ಹೇಗೆ ಗೊತ್ತಾಗ್ಬೇಕೋ?"

"ನೋಡ್ತಾ ಇದ್ರೇ ಸಾಯ್ತಾ ಇದೆಯಲ್ಲ ಅಕ್ಕ" ಅಂದೆ. ಅವಳು ಕುರ್ಚಿಯಲ್ಲಿ ಕೂತು ಊದಿದ ಕಾಲನ್ನು ತಿಕ್ಕಿಕೊಂಡಳು.

ನಾನು ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕುವವನು. ಗೂಡು ನನಗೆ ದೊಡ್ಡ ಕೆಲಸವಲ್ಲ. ಯಾರದೋ ಮನೆಯಲ್ಲಿ ಉಳಿದ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಮೂರಡಿ ಎತ್ತರ, ಎರಡಡಿ ಅಗಲದ ಚೌಕಟ್ಟು ಕೂಡಿಸಿದೆ. ಸೊಳ್ಳೆ ಜಾಲರಿ ಅದರ ಉಗುರಿಗೆ ಸಿಕ್ಕಿ ಹರಿಯುತ್ತದೆಂದು ಪ್ಲಾಸ್ಟಿಕ್ ಹೊದಿಕೆಯ ತಂತಿ ಜಾಲರಿ ಎಳೆದು ಕಟ್ಟಿದೆ. ಒಳಗೆ ಮನಿಪ್ಲಾಂಟಿನ ಕುಂಡ, ಅಡ್ಡಕ್ಕೆ ಎರಡು ಕೊಂಬೆ. ಮೇಲುಗಡೆ, ಎಲೆಗಳಿಗೆ ಹನಿ ಬೀಳಲೆಂದು ತಳಕ್ಕೆ ಸೂಜಿಯಿಂದ ತೂತು ಮಾಡಿದ ನೀರಿನ ಬಾಟಲಿ, ಕೆಳಗೆ ತಟ್ಟೆ. ಮಂಚದಿಂದ ಕಾಣುವ ಮೂಲೆಯಲ್ಲಿ, ಬೀರುವಿನ ಮೇಲೆ ಅದನ್ನು ಕೂರಿಸಿದೆವು. ಅಕ್ಕ ತನ್ನ ಹಳೆಯ ಸೀರೆ ಹರಿದು ಮೂರು ಕಡೆ ಕಟ್ಟಿದಳು, ಅಂಚು ನೆಟ್ಟಗಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದಳು.

ಎರಡು ದಿನ ಅದರ ಬಾಲವೂ ಕಾಣಲಿಲ್ಲ. ಅಕ್ಕ ಬೀರುವಿನ ತನಕ ಹೋಗಿ, ಸೀರೆಯ ಅಂಚು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡು ಬರುತ್ತಿದ್ದಳು. ಇಷ್ಟು ಕಷ್ಟದ ಕೆಲಸ ಅವಳು ಕಾರ್ಖಾನೆಯಲ್ಲೂ ಮಾಡಿರಲಾರಳು. ಮೂರನೆಯ ಸಂಜೆ ಅವಳು ಬಂದಾಗ ಭಾವ ಗೋಡೆ ಬಿಟ್ಟು ಈ ಕಡೆ ತಿರುಗಿದ್ದರು. ಎಡಗೈ ಎತ್ತಿ ಗೂಡು ತೋರಿಸಿದರು. ಎಲೆಗಳ ನಡುವೆ ಎಲೆಯಷ್ಟೇ ಹಸಿರಾಗಿ ಅದು ಕೂತಿತ್ತು. ಒಂದು ಹನಿ ನೆಕ್ಕಿತು, ಇನ್ನೊಂದು ಹನಿ ನೆಕ್ಕಿತು. ಆಮೇಲೆ ನಾಲಿಗೆ ಎಸೆದು ಮಿಡತೆಯನ್ನು ಎಳೆದುಕೊಂಡಿತು.

ಅಕ್ಕ ಉಸಿರು ಬಿಟ್ಟಳು. ಭಾವ ಕೈ ಇಳಿಸಲಿಲ್ಲ. ಗೂಡಿಗೆ ಕಟ್ಟಿದ ಸೀರೆಯನ್ನು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡರು.

"ನಂಗೂ" ಅಂದರು. ತಡವರಿಸಿದರು. "ನಂಗೂ... ಹಾಗೆ ಮುಚ್ಚು."

ಅಕ್ಕ ಸುತ್ತ ನೋಡಿದಳು. ತೆರೆದ ಬಾಗಿಲು, ಆಚೆ ನಮ್ಮ ಕಡೆಗೇ ಮುಖ ಮಾಡಿ ಕೂತ ಅಜ್ಜಿ, ಮೇಲೆ ಟ್ಯೂಬ್‌ಲೈಟು. ಈ ಮಂಚದ ಮೇಲೇ ಅವಳು ದಿನಾ ಅವರ ಮೈ ಒರೆಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು. ನನಗೂ ಅದೆಲ್ಲ ಒಮ್ಮೆಗೇ ಕಾಣಿಸಿ ನಾಚಿಕೆಯಾಯಿತು.

"ಎಂಟು ತಿಂಗಳು ಯಾಕ್ರೀ ಹೇಳ್ಲಿಲ್ಲ?"

ಭಾವನಿಗೆ ಆ ಮಾತು ಕೂಡಿಸಲು ಬಹಳ ಹೊತ್ತು ಹಿಡಿಯಿತು. "ನೀನು... ದಣಿದಿದ್ದೆ" ಅಂದರು.

ಆ ಭಾನುವಾರ ಮಂಚವನ್ನು ಒಳಕೋಣೆಗೆ ಎಳೆದೆವು. ಗೂಡನ್ನೂ ಅಲ್ಲಿಗೇ ಒಯ್ದೆವು. ಬಾಗಿಲಿಗೆ ನಾನು ದಪ್ಪನೆಯ ಪರದೆ ಹಾಕಿ, ಮಂಚದ ಪಕ್ಕ, ಎದುರು ಮನೆ ಅಜ್ಜಿಗೂ ಕೇಳುವ ಕರೆಗಂಟೆಯ ಗುಂಡಿ ಕೂರಿಸಿಕೊಟ್ಟೆ. ಸಂಜೆ ಅಕ್ಕ ನೀರಿನ ಲೋಟ ಹಿಡಿದು ಅಭ್ಯಾಸಬಲದಿಂದ ನೆಟ್ಟಗೆ ಹೊರಟವಳು ಪರದೆಯ ಹತ್ತಿರ ನಿಂತಳು.

"ರೀ, ಒಳಗೆ ಬರ್ಲಾ?"

"ತಡಿ" ಅಂದರು ಭಾವ, ಒಂದೇ ಸಲಕ್ಕೆ, ಸ್ಪಷ್ಟವಾಗಿ.

ಊದಿದ ಕಾಲಿನ ಮೇಲೆ ಅಕ್ಕ ಅಲ್ಲೇ ನಿಂತಳು, ಅವರು ಬಾ ಅನ್ನುವವರೆಗೆ.